ಬಾಗಿಲು ತಡೆಯಬೇಕಾದ ಅಕ್ಕ

ಕಣ್ಣು ಮುಚ್ಚಿ ಕೂತವರು ಹಾಗೆಯೇ ಇರಿ, ಕಿವಿ ತೆರೆದಿದ್ದರೆ ಸಾಕು. ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಅವನಿಗೆ ಹೊನ್ನಿನ ಹುಚ್ಚಿರಲಿಲ್ಲ, ಪದಗಳ ಹುಚ್ಚಿತ್ತು. ಊಟ ಮುಗಿಸಿ ತೂಗುಮಂಚದಲ್ಲಿ ಒರಗಿದನೆಂದರೆ ಒಂದು ಪದ ಹಿಡಿದು ಅದರ ಹುಟ್ಟೂರಿಗೆ ಹೊರಡುವನು. ಕಂಬನಿ ಎಂದರೇನು? ಕಣ್ಣಿನ ಹನಿ. ತಂಗಾಳಿ? ತಣ್ಣನೆಯ ಗಾಳಿ. ಬಾಗಿಲು? ಬಾಯಿ ಒಂದು ಕಡೆ, ಇಲ್ ಎಂಬ ಹಳೆಯ ಮಾತು ಇನ್ನೊಂದು ಕಡೆ. ಇಲ್ ಎಂದರೆ ಮನೆ. ಮನೆಯ ಬಾಯಿಯೇ ಬಾಗಿಲು! ದಿನಾ ತಳ್ಳಿಕೊಂಡು ಓಡಾಡುವ ಮರದ ಹಲಗೆ ಅವನಿಗೆ ಆ ಮಧ್ಯಾಹ್ನ ಏನೋ ಹೇಳಲು ಹೊರಟಂತೆ ಕಂಡಿತು. ತೂಗುಮಂಚ ನಿಧಾನಕ್ಕೆ ತೂಗುತ್ತಿತ್ತು, ಅವನು ಎಷ್ಟೋ ತಲೆಮಾರು ಹಿಂದೆ ಹೋಗಿಬಿಟ್ಟಿದ್ದ. ಇದು ತಪ್ಪೇ? ಅಲ್ಲವೇ ಅಲ್ಲ. ಇಂಥ ಸುಖ ನಿಮಗೂ ಸಿಗಲಿ.

ಆದರೆ ನೋಡಿ, ಇವನಿಗೊಬ್ಬ ಅಕ್ಕ. ಎರಡು ಬೀದಿ ಆಚೆ ಮನೆ. ಓದು ಬರಹ ಇಲ್ಲದವಳು. ಒಮ್ಮೆ ಇವನ ಮನೆಯ ಪೂಜೆಯಲ್ಲಿ ಆರತಿ ಹಾಡು ಹೇಳುತ್ತಿದ್ದಳು, ಒಂದು ಪದ ತಪ್ಪಿತು. ಇವನು ನೆಂಟರ ಮುಂದೆಯೇ ಅರ್ಧಕ್ಕೆ ನಿಲ್ಲಿಸಿದ. "ಅಕ್ಕಾ, ಆ ಪದದ ಅರ್ಥ ಗೊತ್ತಾ ನಿಂಗೆ? ಬಾಯಿಗೆ ಬಂದಂಗೆ ಹಾಡ್ಬೇಡ." ಎಲ್ಲರೂ ನಕ್ಕರು. ಅವಳು ಎಲೆಯ ಮುಂದೆ ಕೂರದೆ ಹೊರಟುಹೋದಳು. ಏಳು ವರ್ಷ! ಏಳು ವರ್ಷ ಇವನು ಸಾವಿರ ಪದಗಳ ಮನೆಗೆ ಹೋಗಿಬಂದ, ಅಕ್ಕನ ಮನೆಗೆ ಹೋಗಲಿಲ್ಲ.

ಮಗನ ಮದುವೆಯಾಯಿತು. ಸಂಜೆ ಮದುಮಕ್ಕಳು ಮನೆಗೆ ಬಂದರು. ಬಾಗಿಲು ಹಾರುಹೊಡೆದಿತ್ತು, ಆದರೂ ಒಳಗೆ ಕಾಲಿಡುವಂತಿಲ್ಲ. ಏಕೆ? ಮದುಮಗನ ಅಕ್ಕತಂಗಿಯೋ ಸೋದರತ್ತೆಯೋ ಬಾಗಿಲು ತಡೆಯಬೇಕು, ಗಂಡಹೆಂಡಿರ ಬಾಯಲ್ಲಿ ಪರಸ್ಪರರ ಹೆಸರು ಹೇಳಿಸಿ ಒಳಗೆ ಬಿಡಬೇಕು. ಅದು ಶಾಸ್ತ್ರ. ಹುಡುಗನಿಗೆ ಒಡಹುಟ್ಟಿದವರಿಲ್ಲ, ಇರುವುದು ಸೋದರತ್ತೆ ಒಬ್ಬಳೇ. ಹೊಸ ಸೊಸೆ ಮೆಲ್ಲಗೆ ಕೇಳಿದಳು, "ಮಾವ, ನಮ್ಮನ್ನ ತಡೆಯೋರು ಯಾರೂ ಇಲ್ವಾ?"

ಅವನಿಗೆ ನಾಚಿಕೆಯಾಯಿತು, ಕಣ್ಣು ತುಂಬಿತು. ಬರಿಗಾಲಲ್ಲೇ ಎರಡು ಬೀದಿ ನಡೆದ. ಅಕ್ಕ ಹೂ ಕಟ್ಟುತ್ತಿದ್ದಳು.

"ಅಕ್ಕಾ, ತಪ್ಪಾಯ್ತು. ಬಾಗಿಲು ತಡೆಯೋಕೆ ಬಾ."

"ನಂಗೆ ಅರ್ಥ ಗಿರ್ಥ ಗೊತ್ತಿಲ್ಲಪ್ಪ."

"ನಂಗೂ ಗೊತ್ತಿರ್ಲಿಲ್ಲ ಅಕ್ಕ."

ಅವಳು ಬಂದಳು. ಹೊಸ್ತಿಲ ಒಳಗೆ ಎರಡೂ ಕೈ ಚಾಚಿ ನಿಂತಳು. ಮದುಮಕ್ಕಳು ಹೆಸರು ಹೇಳಿ ಒಳಗೆ ಹೋದರು. ಹಿಂದೆಯೇ ತಮ್ಮ ಬಂದ. ಅವಳು ಮತ್ತೆ ಕೈ ಚಾಚಿದಳು! "ನನ್ನ ಹಾಡು ಅರ್ಧಕ್ಕೇ ನಿಂತೈತೆ. ಪೂರ್ತಿ ಕೇಳಿ ಒಳಗ್ ಬಾ." ಅವನು ಕೈಕಟ್ಟಿ ಹೊರಗೆ ನಿಂತು ಕೇಳಿದ. ಆ ತಪ್ಪು ಪದ ಬಂದಾಗಲೂ ಕೇಳಿದ. ಬಾಗಿಲಿನಿಂದ, ಮನೆಯ ಬಾಯಿಂದ, ಹಾಡು ಬರುತ್ತಿತ್ತು. ಹಳೆಯ ಮಾತನ್ನು ಕಟ್ಟಿದವರು ಸುಳ್ಳು ಹೇಳಿರಲಿಲ್ಲ ಎಂದು ಅವನಿಗೆ ಆಗ ತಿಳಿಯಿತು.

ಈಗ ನಿಮ್ಮ ಸರದಿ. ಪದದ ಬೇರು ಹುಡುಕಿ, ಮನೆಮಂದಿಯೆಲ್ಲ ಕೂತು ಹುಡುಕಿ. ಆದರೆ ಅಜ್ಜಿ ತಪ್ಪು ಹೇಳಲಿ, ಹೆಂಡತಿ ತಪ್ಪು ಹೇಳಲಿ, ಮಾತು ಮುಗಿಸಲು ಬಿಡಿ. ನಾಳೆ ಬೆಳಗ್ಗೆ ಬಾಗಿಲು ತೆಗೆಯುವಾಗ ಒಂದು ಗಳಿಗೆ ನಿಲ್ಲಿ. ಯಾರ ಹಾಡನ್ನು ಅರ್ಧಕ್ಕೆ ನಿಲ್ಲಿಸಿದ್ದೀರಿ? ನೆನಪಾಯಿತೇ? ಹಾಗಾದರೆ ಚಪ್ಪಲಿ ಹುಡುಕುತ್ತ ಕೂರಬೇಡಿ, ಹಾಗೆಯೇ ಹೊರಡಿ.