ವೈರಿ ಮೈದಾನದ ದೀಪಗಳು

ಎಕ್ಸ್-ರೇ ಕೋಣೆಯ ಹೊರಗೆ ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರು ಕೂತಿದ್ದರು. ಬಲಗೈಗೆ ಬಟ್ಟೆ ಕಟ್ಟಿಕೊಂಡ ಎಲೆಕ್ಟ್ರಿಷಿಯನ್, ಮತ್ತು ಅವನನ್ನು ಕರೆತಂದ ಭಾವ. ಮಾತು ಫುಟ್‌ಬಾಲಿನದು.

“ಹೊಳೆಯಾಚೆ ಕ್ಲಬ್ಬಿನವರು ಒಂಬತ್ತನೇ ಮ್ಯಾಚೂ ಸೋತ್ರು. ಆಟಗಾರರಿಗೆ ಸಂಬಳಾನೇ ಇಲ್ವಂತೆ,” ಎಂದ ಭಾವ. “ಹೊಟ್ಟೆ ತಣ್ಣಗಾಯ್ತು ನೋಡು.”

“ಭಾವ, ನಾನು ಬಿದ್ದಿದ್ದು ಅವರ ಸ್ಟೇಡಿಯಮ್ಮಲ್ಲೇ.”

“ಆ ವೈರಿಗಳ ಮೈದಾನದಲ್ಲಿ ನಿಂಗೇನು ಕೆಲ್ಸ?”

“ಕಂಬದ ದೊಡ್ಡ ದೀಪ ಬಿಚ್ಚೋದು. ಮಾರಿಬಿಟ್ಟಿದ್ದಾರೆ.”

“ದೀಪಾನೂ ಮಾರ್ಕೊಂಡ್ರಾ! ಯಾರಿಗೆ?”

“ಗೊತ್ತಿಲ್ಲ. ಆದ್ರೆ ಕೆಳಗೆ ನಮ್ಮ ಕ್ಲಬ್ಬಿನ ಅಧ್ಯಕ್ಷರು ನಿಂತಿದ್ರು.”

ಭಾವನ ನಗು ನಿಂತಿತು.

“ಸರಿಯಾಗಿ ನೋಡಿದ್ಯಾ?”

“ಆ ಬೊಕ್ಕತಲೆ ಮೇಲಿಂದ ಇನ್ನೂ ಚೆನ್ನಾಗಿ ಕಾಣುತ್ತೆ. ಹೊಳೆಯಾಚೆ ಕ್ಲಬ್ಬಿನ ಅಧ್ಯಕ್ಷನ ಹೆಗಲ ಮೇಲೆ ಕೈ ಹಾಕ್ಕೊಂಡು ನಗ್ತಿದ್ರು.”

“ಟೀವಿಲಿ ಇಬ್ರೂ ಹಾವು ಮುಂಗುಸಿ ಥರ ಕಚ್ಚಾಡ್ತಾರಲ್ಲೋ!”

“ಇಳಿಯುವಾಗ ಅದನ್ನೇ ನೋಡ್ತಾ ಏಣಿಯ ಕೊನೇ ಮೆಟ್ಟಿಲಲ್ಲಿ ಕಾಲು ಜಾರ್ತು. ನಮ್ಮ ಅಧ್ಯಕ್ಷರೇ ಓಡಿ ಬಂದು ಎತ್ತಿದ್ರು. ‘ಆಸ್ಪತ್ರೆ ಖರ್ಚೆಲ್ಲ ನಮ್ದು, ನನ್ನನ್ನ ಇಲ್ಲಿ ನೋಡಿದ್ದು ಮಾತ್ರ ಮರೆತುಬಿಡು’ ಅಂದ್ರು.”

“ನೀನೇನಂದೆ?”

“ಕೈ ನೋಯ್ತಿತ್ತು ಭಾವ. ಹೂಂ ಅಂದೆ.”

ಒಳಗಿನಿಂದ ನರ್ಸ್ ಕರೆದಳು. ಎಲೆಕ್ಟ್ರಿಷಿಯನ್ ಎದ್ದ. ಭಾವನೂ ಬಾಗಿಲವರೆಗೆ ಜೊತೆಗೆ ಹೋಗಿ ದನಿ ತಗ್ಗಿಸಿದ.

“ಹಾಗಾದ್ರೆ ಹೋದ ತಿಂಗಳು ನಾವು ಅವರಿಗೆ ಐದು ಗೋಲು ಹೊಡೆದ್ವಲ್ಲ, ಅದೂ ಮೊದಲೇ ಮಾತಾಡ್ಕೊಂಡಿದ್ದಾ?”

ಎಲೆಕ್ಟ್ರಿಷಿಯನ್ ಭುಜದಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋದ.