ಮಡಿವಾಳಪ್ಪನವರ ಬಲಗೈ

ಮಡಿವಾಳಪ್ಪನವರ ನೆನಪಿನ ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ. ಹೇಮಶ್ರೀಯವರೇ, ನಿಮ್ಮೆದುರು ನಿಂತು ಮಾತಾಡುವ ಧೈರ್ಯ ನನಗಿಲ್ಲ — ಆದರೂ ನಿಂತಿದ್ದೇನೆ. ಹಿಂದಿನ ಸಾಲಿನಲ್ಲಿ ಫಿಡಲ್ ಪೆಟ್ಟಿಗೆ ಹಿಡಿದು ಕೂತಿರುವ ಗ್ಲೆನ್ ಅವರಿಗೂ ನಮಸ್ಕಾರ. ಅವರಿಗೆ ಕನ್ನಡ ಬಾರದು. ನನ್ನ ಮಗಳು ನಿಧಿ ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಿದ್ದಾಳೆ.

ನಾನು ಭಾಸ್ಕರ. ಮೆಡೋವೇಲ್ ಆಫೀಸಿನಲ್ಲಿ ಮಡಿವಾಳಪ್ಪನವರ ಪಕ್ಕದ ಕುರ್ಚಿಯವನು. ಮೊನ್ನೆ ಅವರ ಮಡದಿ ಹೇಮಶ್ರೀಯವರು ನನ್ನನ್ನು ಒಂದು ಮಾತು ಕೇಳಿದರು. ಸಭೆಯಲ್ಲಿ ಹೇಳಬಹುದೇ ಎಂದೆ, ಹೇಳಿ ಎಂದಿದ್ದಾರೆ.

"ಕಡೀಗೆ ಆಸ್ಪತ್ರ್ಯಾಗ ನಾ ಅವ್ರ ಕೈ ಹಿಡ್ಕೊಂಡು ಕೂತಿದ್ದೆ. ಕಣ್ಣು ಮುಚ್ಕೊಂಡು ಮಲಗಿದ್ರು. ಉಗುರಿಲೆ ನನ್ನ ಮುಂಗೈ ಕೆರೆದು ಕೆರೆದು ದೂಡಿದ್ರು. ಆ ಡಬ್ಬಿ ವಾದ್ಯ ಮನ್ಯಾಗ ಬ್ಯಾಡ ಅಂದಿದ್ದೆ ನಾನು. ಅದರ ಸಿಟ್ಟಿತ್ತೇನ್ರೀ ಅವ್ರಿಗೆ?"

ಅಂದಿನಿಂದ ನನ್ನ ತಲೆ ನೆಟ್ಟಗಿಲ್ಲ.

ಡಬ್ಬಿ ವಾದ್ಯ ಎಂದರೆ ಬ್ಯಾಂಜೋ — ಚರ್ಮ ಬಿಗಿದ ದುಂಡನೆಯ ಡಬ್ಬಿ, ಉದ್ದ ಹಿಡಿ, ಐದು ತಂತಿ. ನಿಮಗೆಲ್ಲ ಗೊತ್ತಿದ್ದ ಮಡಿವಾಳಪ್ಪ ನಮ್ಮ ಕನ್ನಡ ಕೂಟದ ಭಜನೆಯಲ್ಲಿ ತಾಳ ಹಾಕುತ್ತಿದ್ದವರು. ಭಾನುವಾರದ ಮಡಿವಾಳಪ್ಪ ಬೇರೆ. ಅವರು ವುಡ್‌ಬ್ರಿಡ್ಜ್‌ನಲ್ಲಿ ಗ್ಲೆನ್ ಮನೆಯ ಬೇಸ್‌ಮೆಂಟಿಗೆ ಹೋಗಿ ಈ ನಾಡಿನ ಹಳೇ ಕಾಲದ ಕುಣಿತದ ಟ್ಯೂನು ಕಲಿಯುತ್ತಿದ್ದರು. ಯಾಕೆ? ಕೇಳಿದರೆ ನಗುತ್ತಿದ್ದರು. ಈ ಮನುಷ್ಯ ಯಾರು ಎಂದು ನನಗೆ ಈಗಲೂ ಪೂರ್ತಿ ತಿಳಿದಿಲ್ಲ.

ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಎಲ್ಲರೂ ಕುರ್ಚಿ ದುಂಡಗೆ ಹಾಕಿಕೊಂಡು ಕೂತಿದ್ದರು. ಮುಂದೆ ಒಂದು ಹಾಳೆಯಿಲ್ಲ. ಗ್ಲೆನ್ ಪುಟ್ಟದೊಂದು ಟ್ಯೂನು ಎತ್ತಿಕೊಂಡರು, ಮುಗಿಯಿತು. ಮತ್ತೆ ಅದೇ — ಮತ್ತೆ ಅದೇ — ಎಲ್ಲರೂ ಒಟ್ಟಿಗೆ ಅದೇ. ನಾನು ಸಂಗೀತ ಕಚೇರಿ ಕೇಳಿ ಬೆಳೆದವನು. ಶ್ರುತಿ ಸರಿ ಮಾಡುತ್ತಿದ್ದಾರೆ ಎಂದುಕೊಂಡು ಮೇಲೆ ಹೋಗಿ ಕಾಫಿ ಕುಡಿದು ಬಂದೆ. ಇನ್ನೂ ಅದೇ ನಡೆದಿತ್ತು. "ಯಾವಾಗ ಶುರು ಮಾಡ್ತಾರೆ?" ಎಂದು ಮಡಿವಾಳಪ್ಪನವರ ಕಿವಿಯಲ್ಲಿ ಕೇಳಿದೆ.

"ಶುರುವಾಗಿ ಅರ್ಧ ತಾಸಾತು, ಸುಮ್ಕ ಕೂಡ್ರಿ ಮಾರಾಯ್ರ."

ಆಮೇಲೂ ಆಗಾಗ ಜೊತೆಗೆ ಹೋದೆ, ಇನ್ನೊಂದು ಹೇಳಬೇಕು. ಆಫೀಸಿನಲ್ಲಿ ಇವರ ಕೆಲಸ ಸಾಫ್ಟ್‌ವೇರಿನ ತಪ್ಪು ಹುಡುಕುವುದು. ಅಲ್ಲೂ ಬಿಡಲಿಲ್ಲ. ಒಂದು ಟ್ಯೂನಿನಲ್ಲಿ ಪ್ರತಿ ಸುತ್ತಿಗೂ ಒಂದು ಮಾತ್ರೆ ಹೆಚ್ಚಿದೆ ಎಂದು ತೊಡೆ ಮೇಲೆ ತಾಳ ಹಾಕಿ ಗ್ಲೆನ್‌ಗೆ ಸಾಬೀತು ಮಾಡಿದರು. ಗ್ಲೆನ್ ನಕ್ಕು, "ಕ್ರೂಕೆಡ್ ಟ್ಯೂನ್, ಮ್ಯಾಡಿ. ಡೊಂಕು ಟ್ಯೂನು, ಅದು ಇರೋದೇ ಹಾಗೆ" ಎಂದರು. ಇವರು ಕೇಳಬೇಕಲ್ಲ. ತಾವೊಬ್ಬರೇ ಸರಿಪಡಿಸಿ ನುಡಿಸಿದರು, ಪ್ರತಿ ಸುತ್ತಿನಲ್ಲೂ ಎಲ್ಲರಿಗೂ ಡಿಕ್ಕಿ ಹೊಡೆದರು. ಒಂದು ಭಾನುವಾರ ಸುಮ್ಮನೆ ಉಳಿದವರ ಹಾಗೇ, ಆ ಹೆಚ್ಚಿನ ಮಾತ್ರೆ ಸೇರಿಸಿಯೇ ನುಡಿಸಿದರು. ಕಾರಿನಲ್ಲಿ ನನಗೆ, "ಭಾಸ್ಕರ ಅವ್ರ, ಹೆಚ್ಚಿದ್ರ ಇರ್ಲಿ ಬಿಡ್ರಿ" ಎಂದರು. ಇವರ ಬಾಯಲ್ಲಿ ಈ ಮಾತೇ ಎಂದು ಕಾರು ಓಡಿಸುತ್ತಿದ್ದ ನಾನು ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ತಪ್ಪಿಸಿಕೊಂಡೆ.

ಹೇಮಶ್ರೀಯವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬ್ಯಾಂಜೋವನ್ನು ಇವರು ಮೀಟುತ್ತಿರಲಿಲ್ಲ. ಬಲಗೈ ಹೀಗೆ — ನೋಡಿ — ಬೆರಳು ಮಡಚಿ, ಉಗುರಿನಿಂದ ಕೆಳಕ್ಕೆ ಹೊಡೆಯುವುದು. ಹಿಂದೆಯೇ ಹೆಬ್ಬೆರಳು ಮೇಲಿನ ಗಿಡ್ಡ ತಂತಿಗೆ. ಕೆಳಕ್ಕೆ — ಕೆಳಕ್ಕೆ — ಹೆಬ್ಬೆರಳು. ಕ್ಯಾಂಟೀನಿನ ಮೇಜಿನ ಮೇಲೂ ಹೀಗೇ ಮಾಡುತ್ತಿದ್ದರು. ನೋಡುವವರಿಗೆ ಏನನ್ನೋ ಕೆರೆದು ದೂಡಿದಂತೆ ಕಾಣುತ್ತಿತ್ತು.

ಆಸ್ಪತ್ರೆಯಲ್ಲಿ ಆದದ್ದೂ ಇದೇ ಎಂದು ಪ್ರಮಾಣ ಮಾಡಲು ನನ್ನಿಂದಾಗದು. ನಾನು ಅಲ್ಲಿರಲಿಲ್ಲ. ನೋವಿಗೆ ಕೈ ಆಡಿತೋ, ಸಿಟ್ಟೋ, ಟ್ಯೂನೋ — ಗೊತ್ತಿಲ್ಲ. ಈಗ ಸಭೆಗೆ ಮುಂಚೆ ನೀವು ಹೇಳಿದ್ದನ್ನು ಗ್ಲೆನ್‌ಗೂ ಮಾಡಿ ತೋರಿಸಿದೆ. ಅವರು ನನ್ನ ಬೆರಳನ್ನೇ ನೋಡಿ, "ನನಗೂ ಗೊತ್ತಿಲ್ಲ. ಆ ಕೈ ಮುಟ್ಟಿದವರಿಗೇ ಗೊತ್ತಾಗಬೇಕು" ಎಂದರು.

ಸಾವಿನ ಸಭೆಯಲ್ಲಿ ಕುಣಿತದ ಟ್ಯೂನು ಸರಿಯೋ ತಪ್ಪೋ, ಅದೂ ನನಗೆ ತಿಳಿಯುತ್ತಿಲ್ಲ. ಹಿರಿಯರು ಮನ್ನಿಸಬೇಕು. ಮೌನ ಮುಗಿದ ಮೇಲೆ ಗ್ಲೆನ್ ಅವರು ಮಡಿವಾಳಪ್ಪನವರಿಗೆ ಕಲಿಸಿದ್ದನ್ನೆಲ್ಲ ಒಂದೊಂದಾಗಿ, ನಿಧಾನವಾಗಿ ನುಡಿಸುತ್ತಾರೆ. ನೀವು ಕಣ್ಣು ಮುಚ್ಚಿ ಕೇಳಿ, ಅಮ್ಮಾ. ನಿಮ್ಮ ಮುಂಗೈಗೆ ಆ ಕೆರೆತದ ತಾಳ ಯಾವುದಾದರೂ ಟ್ಯೂನಿನಲ್ಲಿ ಗುರುತು ಸಿಕ್ಕರೆ ಅದು ನಿಮ್ಮದು. ನಮಗೆ ಹೇಳಲೇಬೇಕೆಂದಿಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ — ಹೇಮಶ್ರೀಯವರೇ, ನೀವು ಕೂತೇ ಇರಿ. ಸ್ವಲ್ಪ ಹೊತ್ತು ಯಾರೂ ಮಾತಾಡುವುದು ಬೇಡ.