ಪಂಕ್ಚರ್ ಅಂಗಡಿ ವಾಸನಿ

...ಅದ ನಾತ, ಅಲ್ಲ, ನಾತ ಅನ್ನಬಾರದು, ನಮಗ ಅನ್ನ ಹಾಕಿದ ವಾಸನಿ ಅದು. ನಿಮ್ಮಜ್ಜಾರು ಬಂಕಾಪುರ ಹತ್ರ ಹೈವೇ ಬಾಜೂಕ ಪಂಕ್ಚರ್ ಅಂಗಡಿ ಇಟ್ಟಾಗಿಂದ ಮನಿ ತುಂಬ ಅದ. ಟ್ಯೂಬಿಗೆ ತ್ಯಾಪಿ ಹಚ್ಚೂ ಸೊಲ್ಯೂಷನ್ ಇರತೈತಲ್ಲ, ಅದರದು. ಅವರ ಅಂಗಿಗೂ ಅದ, ಹಾಸಿಗಿಗೂ ಅದ. ಲಗ್ನ ಆದ ಹೊಸದಾಗ ನನಗ ವಾಂತಿ ಬರ್ತಿತ್ತು, ನಮ್ಮತ್ತಿ ನಗ್ತಿದ್ರು, ಇಷ್ಟ ಲಗೂನ ಬಸರಾದೇನ ಅಂತ. ಇರ್ಲಿ, ಅದಲ್ಲ ಹೇಳಾಕ ಹೊಂಟಿದ್ದು. ನನ್ನ ಮಗ, ನಿಮ್ಮ ನಿಂಗಪ್ಪ ಮಾಮಾ, ಸಾಲಿ ಬಿಟ್ಟು ಅಪ್ಪನ ಜೋಡಿ ಅದ ಅಂಗಡ್ಯಾಗ ಕುಂತ. ಕೈ ಬಾಳ ಚುರುಕಿತ್ತು ಅವಂದು. ಲಾರಿಯವ್ರು ಅವನ್ನ ಕೇಳಿ ಬರ್ತಿದ್ರು.

ಆಮ್ಯಾಲ ಅಜ್ಜಾರಿಗೆ ಕಾಮಣಿ ಆತು, ಕಣ್ಣು ಮೈ ಹಳದಿ ಆಗಿ ಹಾಸಿಗಿ ಹಿಡದ್ರು. ಅಂಗಡಿ ನಿಂಗಪ್ಪ ನೋಡ್ಕೊಂತಾನ ಅಂತ ನಾವು ನಿಶ್ಚಿಂತ. ಮುಂಜಾನಿ ನಾ ಬುತ್ತಿ ಕಟ್ಟಿ ಕೊಡಾಕಿ, ಸಂಜಿಗೆ ಅಂವ ಬರಾಂವ, ಮೈತುಂಬ ಅದ ವಾಸನಿ. ಕಣ್ಣು ಕೆಂಪಗ ಇದ್ರ ಹೈವೇ ಧೂಳು ಅಂತಿದ್ದೆ. ರೊಟ್ಟಿ ಬಿಟ್ಟು ಎದ್ರ ದಣದಾನ ಅಂತಿದ್ದೆ. ಗಿರಾಕಿ ಇಲ್ಲವ್ವಾ ಅಂತಿದ್ದ, ಹೌದು ಅಂತಿದ್ದೆ. ಮಂದಿ ಮಕ್ಳು ಗಾಂಜಾ ಸೇದಿ ಬಂದ್ರ ತಾಯಂದ್ರಿಗೆ ವಾಸನಿ ಬಡೀತೈತಿ, ಸಿಕ್ಕಬೀಳ್ತಾವು. ನನ್ನ ಮಗ ವಾಸನಿ ಹೊತ್ತು ಬಂದ್ರ ನಾ ಹಿಗ್ಗತಿದ್ದೆ ನೋಡ್ರಿ, ದುಡದು ಬಂದೈತಿ ಕೂಸು ಅಂತ.

ಒಂದಿನ ನಿಮ್ಮವ್ವ ಅಪ್ಪನ್ನ ನೋಡಾಕ ರಟ್ಟೀಹಳ್ಳಿಯಿಂದ ಬಂದ್ಲು. ನೀ ಆಗ ಬಗಲಾಗಿದ್ದಿ, ರೂಪಾ. ಹೊತ್ತು ಮುಳುಗೂ ಮುಂದ ನಿಂಗಪ್ಪ ಬಂದ. ನಾ ಅಂದೆ, 'ನೋಡವಾ, ನಿನ್ನ ತಮ್ಮ ಹೆಂಗ ದುಡೀತಾನ, ವಾಸನೀನ ಹೇಳ್ತೈತಿ.' ಅಕಿ ಮಾರಿ ಸಣ್ಣದಾತು. 'ಅವ್ವಾ, ಬಸ್ ಇಳದು ನಾ ಅಲ್ಲಿಗೇ ಹೋಗಿದ್ದೆ. ಅಂಗಡಿಗೆ ಕೀಲಿ ಬಿದ್ದೈತಿ. ಬಾಳ ದಿನಾ ಆತು ತಗದಿಲ್ಲ ಅಂದ್ರು ಚಾದಂಗಡಿಯವ್ರು.' 'ಹಂಗಾರ ಈ ವಾಸನಿ ಎಲ್ಲಿಂದೋ?' ಅಂತ ಅವನ್ನ ಕೇಳಿದೆ. ಗ್ವಾಡಿ ನೋಡಿ ಸುಮ್ಮನ ನಗಾಕತ್ತಿದ್ದ. ಆಮ್ಯಾಲ ಗೊತ್ತಾತು, ಅಂಗಡಿ ಸೊಲ್ಯೂಷನ್ ಒಯ್ದು ಬಂಕಾಪುರ ಕೋಟೆ ಹಿಂದ ಗೆಳ್ಯಾರ ಜೋಡಿ ಕುಂತು ಮೂಸ್ತಿದ್ದ, ನಶೆಗೆ.

ಹುಬ್ಬಳ್ಳಿಗೆ ಒಯ್ದಿವಿ, ಚಟ ಬಿಡಿಸೂ ಕೇಂದ್ರದಾಗ ಇಟ್ಟಿವಿ. ಅಲ್ಲೆ ಕುಂತ ತಾಯಂದ್ರೆಲ್ಲಾ ನಮ್ಮ ಸುತ್ತಿನವ್ರ, ಒಬ್ಬಾಕಿ ಹಾನಗಲ್ಲಿನಾಕಿ, ಒಬ್ಬಾಕಿ ಸವಣೂರಾಕಿ, ಹಿರೇಕೆರೂರು ಕಡೆಯಾಕಿ ಒಬ್ಬಾಕಿ. ಒಬ್ಬಾಕಿ ಮಗಗ ಗುಳಿಗಿ, ಇನ್ನೊಬ್ಬಾಕಿ ಮಗಗ ಗಾಂಜಾ. ಯಾರೂ ಯಾರ ಮಾರೀನೂ ನೋಡವಲ್ರು. ಬಿಡಿಸಿ ತಂದಿವಿ, ಮತ್ತ ಹತ್ತಿಸಿಕೊಂಡ. ಮತ್ತ ಒಯ್ದಿವಿ. ಡಾಕ್ಟರು ಅಂದ್ರು, 'ಮಿದುಳಿಗೆ ಪೆಟ್ಟು ಬಿದ್ದೈತ್ರಿ ಅವ್ವಾರ, ಹೋದದ್ದು ಹೊಳ್ಳಿ ಬರಂಗಿಲ್ಲ.' ಈಗ ನೀವ ನೋಡ್ತೀರಲ್ಲ, ಅಂಗಿ ಗುಂಡಿ ಹಾಕ್ಕೊಳ್ಳಾಕ ಬರವಲ್ದು ಅವಗ. ನಾ ಹಾಕ್ತೇನಿ. ನಾ ಸತ್ತ ಮ್ಯಾಲ ಯಾರ ಹಾಕ್ತಾರ? ದೇವರಿಗೆ ಕೇಳೂದೂ ಬಿಟ್ಟೇನಿ.

ಅಜ್ಜಾರು ಆರಾಮಾದ ಮ್ಯಾಲ ಮತ್ತ ಅಂಗಡಿ ತಗದ್ರು, ಬಂದ್ ಮಾಡೂಹಂಗಿಲ್ಲ, ಹೊಟ್ಟಿ ಐತಿ. ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ಕೈ ತೊಳಕೊಂಡ ಒಳಗ ಬರ್ತಾರ. ಆದ್ರೂ ಮಾಮಾ ಓಡಿ ಹೋಗಿ ಅವರ ಕೈ ಹಿಡಕೊಂಡು ಮಾರಿಗೆ ಒತ್ಕೋತಾನ. ನಿನ್ನೆ ನೀ ಅಂದಿ ಸಂಜೂ, ಮಾಮಾಗ ಅಜ್ಜ ಅಂದ್ರ ಎಷ್ಟ ಪ್ರೀತಿ ಅಂತ. ಪ್ರೀತಿ ಅಲ್ಲೋ ತಮ್ಮಾ. ವಾಸನಿ ತಗೋತಾನ. ಅಜ್ಜಾರಿಗೂ ಗೊತ್ತೈತಿ, ಆದ್ರೂ ಮಗ ಬಿಡೂತನಾ ಕೈ ಹಂಗ ಕೊಟ್ಟು ನಿಂದರತಾರ. ಅದಕ ಹೇಳ್ತೇನಿ, ಎಲ್ಲಿಗೆ ಹೋಗಿದ್ರಿ ಅಂತ ನಿಮ್ಮವ್ವ ಕೇಳಿದ್ರ ಸಿಟ್ಟ ಆಗಬ್ಯಾಡ್ರಿ. ಅಕಿ ಅದನ್ನ ಈ ಮನ್ಯಾಗ ಕಲ್ತಾಳ. ಕೇಳಿದ್ರ ಹೇಳ್ರಿ, ಅಷ್ಟ.